ಫಾಕ್ಸ್‌ಗ್ಲವ್ ಹಂಚಿದ ಪುಣ್ಯ

ನೆಟ್ಟ ಗಿಡ ಬರುವುದಿಲ್ಲ ಎಂಬುದು ಎಲ್ಲರ ಕೊರಗು. ನನ್ನ ಕಷ್ಟವೇ ಬೇರೆ. ಬಂದದ್ದನ್ನು ಕಿತ್ತೆಸೆಯಲು ನನಗೆ ಕೈ ಬರುವುದಿಲ್ಲ. ಒತ್ತಾಗಿ ಹುಟ್ಟಿದ ಸಸಿಗಳಲ್ಲಿ ಅರ್ಧದಷ್ಟನ್ನು ಕೀಳಬೇಕು, ಆಗ ಉಳಿದದ್ದು ಬಲವಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹೇಳುವುದಕ್ಕೇನು? ಎರಡೇ ಎಲೆ ಬಿಟ್ಟುಕೊಂಡು ನಿಂತಿರುವ ಪಾಪದ ಜೀವಗಳಿಗೆ ನೀನು ಇರು, ನೀನು ಹೊರಡು ಎನ್ನಲು ನಾನ್ಯಾರು? ನರಸಾಪುರದ ಕಾರ್ಖಾನೆಯಲ್ಲಿ ಜನರ ಮೆಡಿಕಲ್ ಬಿಲ್ಲುಗಳನ್ನು ಕಣ್ಣು ಮಿಟುಕಿಸದೆ ತಿರಸ್ಕರಿಸುವವರು ನೀವೇ ತಾನೇ ಎಂದು ನನ್ನ ಹೆಂಡತಿ ಗಿರಿಜೆ ಕೇಳುತ್ತಾಳೆ. ಅದು ಆಫೀಸಿನ ವಿಷಯ.

ಫಾಕ್ಸ್‌ಗ್ಲವ್ ಹೂವನ್ನು ನಾನು ಮೊದಲು ಕಂಡದ್ದು ಊಟಿಯಲ್ಲಿ. ಆಳೆತ್ತರದ ಕಾಂಡ, ಅದರುದ್ದಕ್ಕೂ ನೇತಾಡುವ ಗಂಟೆಯಾಕಾರದ ನೇರಳೆ ಹೂಗಳು, ಒಳಗೆ ಇಣುಕಿದರೆ ಚುಕ್ಕಿ ಚುಕ್ಕಿ. ಅಲ್ಲೇ ನಿಂತು, ಇದನ್ನು ಮುಳಬಾಗಿಲಿಗೆ ತಂದೇ ತೀರುತ್ತೇನೆ ಎಂದೆ. ಚಳಿಯ ಊರಿನ ಗಿಡ ನಮ್ಮ ಬಂಡೆಗಳ ಕಾವಿಗೆ ಬದುಕುತ್ತದೆಯೇ ಎಂದು ಗಿರಿಜೆ ಕೇಳಿದಳು. ನಾವು ಬದುಕಿಲ್ಲವೇ ಎಂದೆ. ಮನೆಗೆ ಬಂದವನೇ ಮೊಬೈಲಿನಲ್ಲಿ ಬೀಜ ತರಿಸಿದೆ. ಆ ಬೀಜದ ಮುಂದೆ ರಾಗಿಕಾಳು ಕುಂಬಳಕಾಯಿಯಂತೆ ಕಾಣುತ್ತದೆ. ಪೊಟ್ಟಣ ಬಿಚ್ಚಿ ಸಂತೋಷದಿಂದ ಉಸಿರು ಬಿಟ್ಟೆ, ಒಂದಷ್ಟು ಬೀಜ ಹಾರಿಯೇ ಹೋಯಿತು. ಬೆಳಕು ಬಿದ್ದರೇ ಮೊಳಕೆ, ಮೇಲೆ ಮಣ್ಣು ಮುಚ್ಚಕೂಡದು ಎಂದು ಬರೆದಿತ್ತು. ಹಬ್ಬದ ಸ್ವೀಟಿನ ಡಬ್ಬಿಗಳಲ್ಲಿ ಒದ್ದೆ ಮಣ್ಣು ತುಂಬಿ, ಬೀಜವನ್ನು ಮರಳಿನಲ್ಲಿ ಬೆರೆಸಿ, ಉಸಿರು ಬಿಗಿಹಿಡಿದು ಉದುರಿಸಿ, ಬೆಳಕು ತೂರುವ ಪ್ಲಾಸ್ಟಿಕ್ ಮುಚ್ಚಳ ಹಾಕಿ ನೆರಳಿನಲ್ಲಿಟ್ಟೆ. ಆಗಷ್ಟೇ ಚಳಿಗಾಲ ಶುರುವಾಗಿತ್ತು. ಬೆಳಿಗ್ಗೆ ಕಂಪನಿ ಬಸ್ಸು ಬರುವವರೆಗೂ ಆ ಡಬ್ಬಿಗಳ ಮೇಲೆ ಬಗ್ಗಿಕೊಂಡಿರುತ್ತಿದ್ದೆ.

ಹುಟ್ಟಿದವು. ಒಂದೆರಡು ಬಂದರೆ ಸಾಕೆಂದು ಬೇಡಿಕೊಂಡವನಿಗೆ ಡಬ್ಬಿ ತುಂಬ ಹಸಿರು ಹಸಿರಾಗಿ ಹುಟ್ಟಿಬಿಟ್ಟವು. ಕುಂಡಗಳು ಮುಗಿದು ಎಣ್ಣೆ ಡಬ್ಬ, ಒಡೆದ ಬಕೆಟ್ಟು, ಕೊನೆಗೆ ಮೊಸರಿನ ಡಬ್ಬಿಗಳಿಗೂ ಸಸಿ ನೆಟ್ಟೆ. ಮನೆಯೊಳಗೆ ಕಾಲಿಡಲು ಜಾಗವಿಲ್ಲದಂತಾದಾಗ ಗಿರಿಜೆ, ಇವು ಇರಬೇಕು ಇಲ್ಲವೇ ನಾನಿರಬೇಕು ಎಂದಳು. ನಾನು ಯೋಚಿಸುತ್ತಾ ಸ್ವಲ್ಪ ಹೊತ್ತು ನಿಂತದ್ದೇ ತಪ್ಪಾಯಿತು. ಅಂದೇ ಸಸಿಗಳನ್ನು ಬೀದಿಗೆ ಹಂಚಲು ಹೊರಟೆ.

ಹಂಚಲು ಹೋದ ಮೇಲೆ ನಮ್ಮ ಜನರ ನಿಜವಾದ ಗುಣ ತಿಳಿಯಿತು. ನಮ್ಮ ಕಡೆ ಬರೀ ನೋಡುವುದಕ್ಕೆಂದು ಯಾರೂ ಗಿಡ ತೆಗೆದುಕೊಳ್ಳುವುದಿಲ್ಲ. ಎದುರುಮನೆಯ ವಿಮಲಮ್ಮ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ, ಇದು ಮಸ್ಸೊಪ್ಪಿನ ಸಾರಿಗೆ ಆಗುತ್ತದೆಯೇ ಎಂದರು. ಇಲ್ಲವೆಂದೆ. ಪೂಜೆಗೆ? ಇಲ್ಲ. ಮುಡಿಯುವುದಕ್ಕೆ? ಅದೂ ಇಲ್ಲ. ಹೋಗಲಿ, ವಾಸನೆಯಾದರೂ ಇದೆಯೇ? ಅದೂ ಇಲ್ಲ, ಹೂ ಬಿಡುವುದೂ ಬಹುಶಃ ಮುಂದಿನ ವರ್ಷ ಎಂದಾಗ ಅವರು ಸಸಿಯನ್ನು ಬಲು ಮರ್ಯಾದೆಯಿಂದ ನನ್ನ ಕೈಗೇ ವಾಪಸು ಕೊಟ್ಟರು. ಎಲ್ಲ ಮನೆಗಳಲ್ಲೂ ಹೀಗೇ ಆಯಿತು.

ಅಂದು ಮೊಬೈಲಿನಲ್ಲಿ ಫಾಕ್ಸ್‌ಗ್ಲವ್ ಬಗ್ಗೆ ಓದುತ್ತಿದ್ದಾಗ ನನಗೆ ಬೇಕಾದ ಸಾಲು ಸಿಕ್ಕಿತು. ಹೃದಯದ ಕಾಯಿಲೆಗೆ ಕೊಡುವ ಒಂದು ಮಾತ್ರೆಯ ಮೂಲ ಈ ಗಿಡವೇ ಅಂತೆ. ಮುಂದೆ ಓದುವ ತಾಳ್ಮೆ ಯಾರಿಗಿದೆ? ಮಾರನೆಯ ದಿನ ಅದೇ ಬೀದಿಯಲ್ಲಿ ಅದೇ ಸಸಿಗಳೊಂದಿಗೆ, ಹಾರ್ಟಿನ ಗಿಡ ಎನ್ನುತ್ತಾ ಹೊರಟೆ. ಬುಟ್ಟಿ ಕ್ಷಣದಲ್ಲಿ ಖಾಲಿ. ವಿಮಲಮ್ಮ ತಮ್ಮ ತಂಗಿಗೂ ಒಂದು ಬೇಕೆಂದರು. ಮೂಲೆಮನೆಯ ನಾರಾಯಣಪ್ಪನವರಿಗಂತೂ ನಾನೇ ಆರಿಸಿ ದೊಡ್ಡದನ್ನು ಕೊಟ್ಟೆ. ಅವರು ರಿಟೈರಾದ ಬಸ್ ಡ್ರೈವರು, ಹೃದಯದ ತೊಂದರೆಗೆ ದಿನವೂ ಮಾತ್ರೆ ನುಂಗುವವರು. ಅಷ್ಟು ದಿನ ಬರೀ ನಮಸ್ಕಾರ ಹೇಳುತ್ತಿದ್ದ ಬೀದಿ, ಆಮೇಲೆ ನನ್ನನ್ನು ನಿಲ್ಲಿಸಿ ಮಾತಾಡಿಸತೊಡಗಿತು. ನಾನೂ ಕೈ ಹಿಂದೆ ಕಟ್ಟಿಕೊಂಡು ನಡೆಯುವುದನ್ನು ಅಭ್ಯಾಸ ಮಾಡಿಕೊಂಡೆ.

ಈ ವೈಭವ ಒಂದು ಭಾನುವಾರ ಬೆಳಿಗ್ಗೆ ಮುಗಿಯಿತು. ವಿಮಲಮ್ಮ ಗೇಟಿನಲ್ಲಿ ನಿಂತು, ನಾರಾಯಣಪ್ಪ ಹಳೇ ಮಾತ್ರೆ ಬಿಟ್ಟುಬಿಟ್ಟಿದ್ದಾರಂತೆ, ಈಗ ಆರಾಮಾಗಿದ್ದಾರಂತೆ, ಎಲ್ಲ ನಿಮ್ಮ ಪುಣ್ಯ ಎಂದು ಹೇಳಿ ಹೋದರು. ನಾನು ಹಿಗ್ಗಿ, ಇನ್ನಷ್ಟು ವಿವರ ತಿಳಿದು ಹೇಳೋಣವೆಂದು ಅದೇ ಪುಟವನ್ನು ತೆರೆದು ಈ ಸಲ ಕೊನೆಯವರೆಗೆ ಓದಿದೆ. ಗಿಡದ ಎಲೆ, ಹೂ, ಬೀಜ ಎಲ್ಲವೂ ವಿಷ. ಔಷಧಕ್ಕೂ ವಿಷಕ್ಕೂ ನಡುವೆ ಕೂದಲೆಳೆಯ ಅಂತರ, ಮನೆಯಲ್ಲಿ ಯಾರೂ ಬಾಯಿಗಿಡಕೂಡದು, ಇಟ್ಟರೆ ಹೃದಯವೇ ನಿಲ್ಲಬಹುದು. ನನ್ನದು ಓದುವಾಗಲೇ ನಿಲ್ಲುವ ಹಾಗಾಯಿತು.

ಮೂಲೆಮನೆಗೆ ಓಡಿದೆ. ಬೀಗ. ಗೌನಿಪಲ್ಲಿಯ ಮಗಳ ಮನೆಗೆ ಹೋಗಿದ್ದಾರೆ, ಸಂಜೆ ಬಸ್ಸಿಗೆ ಬರುತ್ತಾರೆ ಎಂದರು ಪಕ್ಕದವರು. ಫೋನು ಸ್ವಿಚ್ ಆಫ್. ಜಗಲಿಯ ಮೇಲಿದ್ದ ಕುಂಡವೂ ಕಾಣಲಿಲ್ಲ. ಗಿಡವನ್ನೂ ಜೊತೆಗೆ ಒಯ್ದರೇ, ಅಥವಾ ಎಲ್ಲವನ್ನೂ ತಿಂದು ಮುಗಿಸಿ ಹೋದರೇ? ಸಂಜೆಯವರೆಗೆ ಉಳಿದವರನ್ನಾದರೂ ಉಳಿಸೋಣವೆಂದು ಮನೆ ಮನೆಗೆ ಹೋಗಿ ಸಸಿ ವಾಪಸು ಕೇಳಿದೆ. ವಿಷವೆಂದು ಬಾಯಿಬಿಟ್ಟರೆ ಬೀದಿಗೆಲ್ಲ ವಿಷ ಹಂಚಿದವನಾಗುತ್ತೇನೆ. ಹಾಗಾಗಿ ಗಿಡಕ್ಕೆ ರೋಗ ಬಂದಿದೆ ಎಂದೆ. ಯಾವುದೋ ಕಂಪನಿಯವರು ಒಳ್ಳೆಯ ಬೆಲೆಗೆ ಕೇಳಿರಬೇಕು ಎಂದು ಅವರವರೇ ಮಾತಾಡಿಕೊಂಡರು. ಕೊಟ್ಟದ್ದನ್ನು ಕಿತ್ತುಕೊಳ್ಳುವ ಮನುಷ್ಯನನ್ನು ಇವತ್ತೇ ನೋಡಿದ್ದು ಎಂದು ವಿಮಲಮ್ಮ ಎಲ್ಲರಿಗೂ ಕೇಳಿಸುವಂತೆ ಹೇಳಿದರು, ಆದರೂ ಎರಡೂ ಸಸಿಗಳನ್ನು ತಂದಿಟ್ಟರು. ಇಂಥ ಅವಮಾನ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಸಂಜೆ ಬಸ್ಸಿಳಿದು ಬಂದ ನಾರಾಯಣಪ್ಪನವರನ್ನು ದಾರಿಯಲ್ಲೇ ಹಿಡಿದು ನಿಲ್ಲಿಸಿ, ವಾಂತಿಯಾಯಿತೇ, ತಲೆ ಸುತ್ತುತ್ತಿದೆಯೇ, ಎದೆ ಹೇಗಿದೆ ಎಂದೆಲ್ಲ ಕೇಳಿದೆ. ಅವರು ಗಾಬರಿಯಿಂದ ನನ್ನನ್ನೇ ನೋಡಿದರು. ಕೊನೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿ, ಅದು ವಿಷ, ನನ್ನಿಂದ ದೊಡ್ಡ ತಪ್ಪಾಯಿತು ಎಂದು ಕೈ ಮುಗಿದೆ. ಅವರು ನನ್ನನ್ನು ಹಿತ್ತಿಲಿಗೆ ಕರೆದೊಯ್ದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗಿಡ ಒಂದೆಲೆಯೂ ಮುಕ್ಕಾಗದೆ ನಿಂತಿತ್ತು.

"ಪರ್ವಾಲೇದು ಸಾರ್, ತಗೊಂಡೋಗಿ," ಎಂದರು. "ಡಾಕ್ಟ್ರು ಮಾತ್ರೆ ಬದಲಾಯ್ಸವ್ರೆ, ಅದಕ್ಕೇ ಹಳೇದು ಬಿಟ್ಟಿದ್ದು. ಇದನ್ಯಾಕೆ ತಿನ್ನಾನ?"

"ಮತ್ತೆ ಅವತ್ತು ಅಷ್ಟು ಆಸೆಯಿಂದ ತಗೊಂಡ್ರಲ್ಲ?"

"ಬ್ಯಾಡ ಅಂದ್ರೆ ನೀವು ಬೇಜಾರ್ ಮಾಡ್ಕೋತೀರ ಅಂತ ತಗೊಂಡೆ. ತಪ್ಪು ತಿಳ್ಕೋಬ್ಯಾಡಿ ಸಾರ್. ಹೋದ್ವರ್ಷ ನೀವೇಳ್ದಂಗೆ ನಿಂಬೆ ಗಿಡಕ್ಕೆ ಮಜ್ಜಿಗೆ ಹುಯ್ದೆ. ಆ ಗಿಡಾನೇ ತಡ್ಕೊಳ್ಲಿಲ್ಲ, ನಾನು ತಡ್ಕೋತೀನಾ?" ಎಂದು ನಕ್ಕು, ಸಮಾಧಾನ ಮಾಡುವವರಂತೆ ನನ್ನ ಭುಜ ತಟ್ಟಿದರು. "ಈ ಬೀದೀಲಿ ಯಾರೂ ತಿಂದಿಲ್ಲ. ಬೇಕಾದ್ರೆ ಕೇಳಿ ನೋಡಿ."

ಕೇಳಿ ನೋಡುವ ಧೈರ್ಯ ನನಗಿರಲಿಲ್ಲ. ಒಂದು ಜೀವ ಉಳಿಯಿತೆಂದು ನಾನು ಕುಣಿಯಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟು. ಅಷ್ಟು ಮನೆಗಳಲ್ಲಿ ಒಬ್ಬರಾದರೂ ನನ್ನ ಮಾತಿಗೆ ಬೆಲೆ ಕೊಟ್ಟು ಒಂದು ಚೂರು ಎಲೆ ಹರಿದು ಮೂಸಿಯಾದರೂ ನೋಡಬಾರದಿತ್ತೇ? ಕುಂಡ ಹೊತ್ತುಕೊಂಡು ಮನೆಗೆ ಬಂದಾಗ, ಬೆಳಿಗ್ಗೆಯೇ ನನ್ನಿಂದ ಎಲ್ಲ ಕೇಳಿ ತಿಳಿದಿದ್ದ ಗಿರಿಜೆ ಬಾಗಿಲಲ್ಲೇ ಕಾಯುತ್ತಿದ್ದಳು. ನಾರಾಯಣಪ್ಪನವರಿಗೆ ಏನೂ ಆಗಿಲ್ಲ ತಾನೇ ಎಂದು ಕೇಳಿದಳು. ಆಗಿಲ್ಲ ಎಂದೆ. ಮತ್ತೆ ಮುಖ ಯಾಕೆ ಹೀಗಿದೆ ಎಂದಳು.

"ಈ ಬೀದೀಲಿ ಯಾರೂ ನನ್ನ ಮಾತು ನಂಬಲ್ಲ ಕಣೇ," ಎಂದೆ.

ಗಿರಿಜೆ ದೇವರ ಮನೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಭಕ್ತಿಯಿಂದ ಕೈ ಮುಗಿದಳು.