ಕನ್ನಡವೋ, ಇಂಗ್ಲಿಷೋ

ಹಗಲುಗನಸು ಕಾಣುವವರ ಮುಂದೆ ಯಾರೂ ಎರಡು ದಾರಿ ಇಡಬಾರದು. ಎರಡರಲ್ಲೂ ಮನಸ್ಸಿನಲ್ಲೇ ಹೋಗಿ ಸುತ್ತಾಡಿ ಬಂದು, ಕೊನೆಗೆ ಹೊಸ್ತಿಲಲ್ಲೇ ಕುಳಿತಿರುತ್ತೇವೆ. ದಾಂಡೇಲಿಯ ರೆಸಾರ್ಟೊಂದರ ಸ್ವಾಗತಕಾರಿಣಿ ಕೆಲಸ ಬಿಟ್ಟು, ಟೀಚರಾಗಲೆಂದು ಹಳಿಯಾಳದಲ್ಲಿ ಬಿ.ಎಡ್. ಸೇರಲು ಹೊರಟಾಗ ನನಗಾದದ್ದು ಇದೇ. ಎರಡು ಬೋಧನಾ ವಿಷಯ ಆರಿಸಬೇಕಿತ್ತು. ಸಮಾಜ ವಿಜ್ಞಾನ ನಿಶ್ಚಯವಾಗಿತ್ತು. ಇನ್ನೊಂದು ಕನ್ನಡವೋ, ಇಂಗ್ಲಿಷೋ?

"ಇಂಗ್ಲಿಷ್ ತಗೋ. ಲಗೂನ ಕೆಲಸ ಸಿಗ್ತೈತಿ. ದಿನಾ ಗೆಸ್ಟ್ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತಿದ್ದಿ," ಎಂದರು ನನ್ನ ಯಜಮಾನರು. ಕಾಗದದ ಕಾರ್ಖಾನೆಯ ಪಾಳಿ ಮುಗಿಸಿ ಬಂದವರ ಮಾತು ಯಾವಾಗಲೂ ಚುಟುಕು. ನಾನಾಡುತ್ತಿದ್ದ ಇಂಗ್ಲಿಷು ಸ್ವಾಗತ, ಬೀಗದ ಕೈ, ತಿಂಡಿಯ ವೇಳೆ, ಮಂಗಗಳಿಗೆ ಏನೂ ಕೊಡಬೇಡಿ ಎಂಬಷ್ಟರಲ್ಲೇ ವರ್ಷಗಟ್ಟಲೆ ಸಂಸಾರ ಮಾಡಿತ್ತೆಂದು ಅವರಿಗೆ ಹೇಗೆ ಹೇಳಲಿ?

ಭಾನುವಾರ ಇಬ್ಬರೂ ಮೌಳಂಗಿಗೆ ಹೋಗಿ ನದಿಯ ಬಂಡೆಯ ಮೇಲೆ ಕುಳಿತೆವು. ಕಾಳಿ ಅವಸರವಿಲ್ಲದೆ ಹರಿಯುತ್ತಿತ್ತು. ನೀರನ್ನು ನೋಡುತ್ತ ನಾನು ಮನಸ್ಸಿನಲ್ಲೇ ಗಂಜಿ ಹಾಕಿದ ಸೀರೆಯುಟ್ಟು ಇಂಗ್ಲಿಷ್ ಕಲಿಸಿದೆ, ಮಕ್ಕಳು ಬೆರಗಾದರು. ಆಮೇಲೆ ಕನ್ನಡ ಪದ್ಯ ಓದಿದೆ. ಇಡೀ ತರಗತಿ ಕಣ್ಣೊರೆಸಿಕೊಂಡಿತು. ಇದನ್ನೆಲ್ಲ ಯಜಮಾನರಿಗೆ ಹೇಳಿದೆ.

ಅವರು ಶೇಂಗಾ ಸುಲಿಯುತ್ತ ಕೇಳಿದರು: "ಆ ಹುಡುಗ್ರು ಒಬ್ಬರರ ಬಾಯಿ ತೆಗದು ಏನರ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ನನ್ನ ಕನಸಿನ ಶಾಲೆಯಲ್ಲಿ ಮಾತೆಲ್ಲ ನನ್ನದೇ.

ಅವತ್ತು ಸಂಜೆಯೇ ಪಕ್ಕದ ಮನೆಯ ನಾಜ್ನೀನ್ ಬಂದಳು. ಆರನೇ ತರಗತಿ; ಅಪ್ಪ ಮೆಕ್ಯಾನಿಕ್, ಮನೆಮಾತು ಉರ್ದು, ಕನ್ನಡವನ್ನು ಓಣಿಯಲ್ಲಿ ಆಡಿಯೇ ಕಲಿತವಳು. ಮುಖ ಸಣ್ಣದಾಗಿತ್ತು.

"ಆಂಟಿ, ನಮ್ಮ ಮನಿಯಾಗ ಆಡು ಐತಿ ಅಂತ ಸಾಲ್ಯಾಗ ಬರದ್ರ ತಪ್ಪಂತ್ರಿ. ಆಡು ಖರೇನ ಐತಲ್ರಿ."

"ಆಡೇನೂ ತಪ್ಪಲ್ಲವ್ವಾ," ಎಂದೆ. "'ಐತಿ' ಅನ್ನೂದು ಮನ್ಯಾಗ ತೊಡೂ ಅರಿವಿ ಇದ್ದಂಗ. 'ಇದೆ' ಅನ್ನೂದು ಸಾಲಿ ಯೂನಿಫಾರ್ಮು. ಎರಡೂ ನಿನ್ನವ."

ಅವಳು ಒಪ್ಪಲಿಲ್ಲ. "ಸಾಲಿಗೆ ಹೋಗಾಕಿ ನಾನ್ರಿ. ಆಡಿಗ್ಯಾಕ ಯೂನಿಫಾರ್ಮು?"

ಇಬ್ಬರೂ ನಕ್ಕೆವು; ಒಲೆಯ ಮೇಲಿನ ಪಲ್ಯ ಹೊತ್ತಿತು. ಅವಳು ಹೋದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ನಾಳೆ ಅವಳು ಇನ್ನೇನು ಕೇಳುತ್ತಾಳೋ ಎಂಬ ಕುತೂಹಲ ಶುರುವಾಗಿತ್ತು.

"ಕನ್ನಡ ತಗೋತೇನ್ರಿ," ಎಂದೆ ಊಟಕ್ಕೆ ಕುಳಿತಾಗ. "ಕೆಲಸ ಸಿಗೂದು ತಡ ಆದೀತು."

ಯಜಮಾನರು ಸೀದ ಪಲ್ಯವನ್ನು ಬದಿಗೆ ಸರಿಸಿದರು. "ಆಗ್ಲಿ ಬಿಡು. ಅಲ್ಲೀತನಕ ನನ್ನ ಪಗಾರ ಐತಿ."

ಬಿ.ಎಡ್. ಸೇರಿದ ಮೇಲೆ ಅಭ್ಯಾಸ ಪಾಠಕ್ಕೆ ನನ್ನನ್ನು ಜೋಯಿಡಾ ರಸ್ತೆಯ ಹಳ್ಳಿ ಶಾಲೆಗೆ ಹಾಕಿದರು. ಪದ್ಯ ವಿವರಿಸುತ್ತಿದ್ದಾಗ ಕಿಟಕಿಯಾಚೆ ಮಂಗಟ್ಟೆ ಹಕ್ಕಿಯೊಂದು ಬಂದು ಕೊಂಬೆಯ ಮೇಲೆ ಕುಳಿತಿತು. ಅಷ್ಟು ದೊಡ್ಡ ಕೊಕ್ಕು ಹೊತ್ತೂ ಅದೆಂಥ ನೆಮ್ಮದಿ! ನಾನೂ ಅದರ ಜೊತೆ ಎಲ್ಲಿಗೋ ಹೋದೆ.

"ಟೀಚರ್," ಎಂದಳು ಹಿಂದಿನ ಬೆಂಚಿನ ಹುಡುಗಿ, ಮೆತ್ತಗೆ. "ಅದು ಹಾರಿ ಹೋತ್ರಿ. ಇನ್ನ ಪಾಠಕ್ಕ ಬರ್ರಿ."

ಬಂದೆ. ಪದ್ಯದ ಯಾವ ಸಾಲಿನಲ್ಲಿ ನಿಲ್ಲಿಸಿದ್ದೆ ಎಂಬುದನ್ನು ಮಾತ್ರ ಅವಳನ್ನೇ ಕೇಳಬೇಕಾಯಿತು.