ಎರಡು ಚುಕ್ಕಿ, ಒಂದು ಓರೆಗೆರೆಯವರ ಸನ್ನಿಧಿಗೆ

ಸರಸ್ವತಿ ನಗರ, ದಾವಣಗೆರೆ
ಆಗಸ್ಟ್ ೧೯೯೮

ಮಹಾಮಹಿಮ ಎರಡು ಚುಕ್ಕಿ ಹಾಗೂ ಒಂದು ಓರೆಗೆರೆಯ (../) ಮಾನ್ಯರೇ,

ನೋಡಲು ಸಾಸಿವೆ ಕಾಳಿನಷ್ಟಿದ್ದರೂ ‘ಇರುವ ಫೋಲ್ಡರಿನಿಂದ ಒಂದು ಮೆಟ್ಟಿಲು ಮೇಲೆ ಹತ್ತಿ ಹುಡುಕು’ ಎಂದು ಕಂಪ್ಯೂಟರಿಗೇ ಅಪ್ಪಣೆ ಕೊಡಬಲ್ಲ ತಮಗೆ, ಕಂಪ್ಯೂಟರ್ ತರಗತಿಯ ಮೇಷ್ಟ್ರು ಸಂತೋಷನು ಎರಡೂ ಕೈ ಜೋಡಿಸಿ, ಹಲ್ಲು ಕಚ್ಚಿಕೊಂಡು ಮಾಡುವ ನಮಸ್ಕಾರಗಳು.

ಹರಿಹರದ ಬಟ್ಟೆ ವ್ಯಾಪಾರಿ ಶಿವಯೋಗಪ್ಪನವರು ತಮ್ಮ ಮಗಳು ವಾಣಿಯನ್ನು ನನಗೆ ಕೊಡುವ ಮಾತಾಡುವ ಮೊದಲು, ನಾನು ಅವರ ಅಂಗಡಿಗೆ ವೆಬ್ ಪುಟಗಳನ್ನು ಮಾಡಿ ತೋರಿಸಬೇಕೆಂದೂ ಪ್ರತಿ ಪುಟದ ನೆತ್ತಿಯಲ್ಲಿ ತಮ್ಮ ಭಾವಚಿತ್ರ ಇರಲೇಬೇಕೆಂದೂ ಹೇಳಿದ್ದರು. ನಾನು ತಲೆಭಾಗವನ್ನು ಒಂದೇ ಸಲ ಬರೆದು, ಎಲ್ಲ ಪುಟಗಳಿಗೂ ಅದನ್ನೇ ಅಂಟಿಸಿ, ‘ಒಂದು ಮೆಟ್ಟಿಲು ಹತ್ತಿ, ಫೋಟೋ ಫೋಲ್ಡರಿನಲ್ಲಿರುವ ಒಂದನೇ ನಂಬರಿನ ಚಿತ್ರ ತನ್ನಿ’ ಎಂದು ತಮ್ಮನ್ನು ಕೂರಿಸಿದೆ. ಸೀರೆ, ಪಂಚೆಗಳ ಪುಟಗಳು ಒಳ ಫೋಲ್ಡರಿನಲ್ಲಿದ್ದವು, ಅಲ್ಲಿ ತಾವು ಚೆನ್ನಾಗಿಯೇ ನಡೆದುಕೊಂಡಿರಿ. ಮುಖಪುಟ ಮಾತ್ರ ಮೊದಲೇ ಮೇಲಿನ ಮೆಟ್ಟಿಲಿನಲ್ಲಿತ್ತು. ಅಲ್ಲಿಂದಲೂ ತಾವು ನಿಷ್ಠೆಯಿಂದ ಒಂದು ಮೆಟ್ಟಿಲು ಹತ್ತಿ, ನಮ್ಮ ಪುಟಗಳ ಮನೆಯನ್ನೇ ದಾಟಿ ಹೋದಿರಿ. ನನ್ನ ಕಂಪ್ಯೂಟರಿನಲ್ಲಿ ಮನೆಯಾಚೆಗೂ ಅದೇ ಚಿತ್ರದ ಇನ್ನೊಂದು ಪ್ರತಿ ಬಿದ್ದಿದ್ದರಿಂದ ಈ ಪ್ರತಾಪ ನನಗೆ ತಿಳಿಯಲಿಲ್ಲ.

ಹರಿಹರದಲ್ಲಿ ಫ್ಲಾಪಿಯಿಂದ ಪುಟಗಳನ್ನು ಇಳಿಸಿದ್ದು, ಎದುರಿನ ಪಶು ಆಹಾರದ ಅಂಗಡಿಯ ಹಯಾತ್ ಸಾಬ್ ಅವರಿಂದ ಶಿವಯೋಗಪ್ಪನವರ ಮನೆಗೆ ಎರವಲು ತರಿಸಿದ್ದ ಕಂಪ್ಯೂಟರಿಗೆ. ಅದರಲ್ಲೂ ಫೋಟೋ ಎಂಬ ಫೋಲ್ಡರಿತ್ತು, ಒಂದನೇ ನಂಬರಿನ ಚಿತ್ರವೂ ಇತ್ತು. ವಾಣಿಯ ತಾಯಿ ಕಸ್ತೂರಮ್ಮನವರು ಭಕ್ತಿಯಿಂದ ಕಣ್ಣು ಮುಚ್ಚಿ, ಮಾನಿಟರಿಗೆ ಮೂರು ಸುತ್ತು ಆರತಿ ಬೆಳಗಿ ಕಣ್ಣು ಬಿಟ್ಟರೆ, ‘ನಮ್ಮ ಸಂಸ್ಥಾಪಕರು’ ಎಂಬ ಸಾಲಿನ ಕೆಳಗೆ ಕೊಂಬಿಗೆ ರಿಬ್ಬನ್ ಕಟ್ಟಿಸಿಕೊಂಡ ಮುರ್ರಾ ತಳಿಯ ಕೋಣ ನಿಂತಿತ್ತು.

“ಲಕ್ಷಣವಾಗೇನೋ ಐತೆ. ಆದ್ರೆ ನಾನಲ್ರಿ,” ಎಂದರು ಶಿವಯೋಗಪ್ಪನವರು.

“ಕಣ್ಣು ಮಾತ್ರ ಥೇಟ್ ನಿಮ್ದೇ ಐತ್ ನೋಡ್ರಿ,” ಎಂದರು ಕಸ್ತೂರಮ್ಮನವರು.

ವಾಣಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ನಾನು ಮಧ್ಯಾಹ್ನದ ಊಟ ಬಿಟ್ಟು ಪರದೆಯ ಮುಂದೆ ಕುಳಿತು, ಮುಖಪುಟದಿಂದ ತಮ್ಮನ್ನು ಕಿತ್ತು ಹಾಕುವಷ್ಟರಲ್ಲಿ ಸಂಜೆಯಾಯಿತು. ‘ತಿಳಿಸ್ತೀವ್ರಿ’ ಎಂದು ಹೇಳಿ ಕಳಿಸಿದವರಿಂದ ಹದಿನೈದು ದಿನವಾದರೂ ಸುದ್ದಿಯಿಲ್ಲ. ತಮಾಷೆ ಬಿಟ್ಟು ಹೇಳುತ್ತೇನೆ, ವಾಣಿ ಇಲ್ಲದೆ ನನಗೆ ಆಗುವುದಿಲ್ಲ.

ಆದ್ದರಿಂದ ತಮ್ಮ ಏರುವ ಸಾಮರ್ಥ್ಯವನ್ನು ಕೊಂಡಾಡುತ್ತಲೇ ಬೇಡಿಕೊಳ್ಳುವುದೇನೆಂದರೆ, ಇನ್ನು ಮುಂದೆ ಹತ್ತುವ ಮುನ್ನ ತಾವು ನಿಂತಿರುವುದು ಎಲ್ಲಿ ಎಂದು ಒಮ್ಮೆ ಕೆಳಗೆ ನೋಡಿಕೊಳ್ಳಬೇಕು, ಚಿತ್ರ ತರುವಾಗ ಮೀಸೆ ಇದೆಯೋ ಕೊಂಬಿದೆಯೋ ವಿಚಾರಿಸಬೇಕು, ಮತ್ತು ಬೆಳಗಿನ ಬಸ್ಸಿಗೇ ಹರಿಹರಕ್ಕೆ ಹೋಗಿ ತಪ್ಪು ತಮ್ಮದೇ ಎಂದು ಶಿವಯೋಗಪ್ಪನವರೆದುರು ಕಿವಿ ಹಿಡಿದುಕೊಳ್ಳಬೇಕು. ಕಿವಿ ಇಲ್ಲವೆಂಬ ನೆಪ ಬೇಡ.

ಹತ್ತಲಾರದೆ ಕೆಳಗೇ ಕುಳಿತಿರುವ,
ತಮ್ಮ ವಿಶ್ವಾಸಿ,
ಸಂತೋಷ

ತಾ.ಕ.: ಇದನ್ನು ಮಡಚುವಾಗಲೇ ಹರಿಹರದಿಂದ ಶಿವಯೋಗಪ್ಪನವರ ಫೋನ್ ಬಂತು. “ಹೇಳಿದ್ ಮಾತು ಒಂದೂ ಕೇಳದ ಮಿಷನ್ ಮುಂದೆ ಅರ್ಧ ದಿನ ಸಿಟ್ಟಾಗ್ದೆ ಕೂತಿದ್ದ. ನಮ್ ವಾಣಿ ಜೊತಿಗೂ ಬಾಳ್ವೆ ಮಾಡ್ತಾನೆ ಬಿಡ್ರಿ,” ಎಂದು ಕಸ್ತೂರಮ್ಮನವರು ತೀರ್ಪು ಕೊಟ್ಟರಂತೆ. ತಮಗೂ ಲಗ್ನಪತ್ರಿಕೆ ಕಳಿಸುತ್ತೇನೆ. ಹೇಗೂ ತಾವು ಒಂದು ಮೆಟ್ಟಿಲು ಹತ್ತಿ, ಪಕ್ಕದ ಛತ್ರಕ್ಕೆ ಹೋಗಿ, ಬೇರೆಯವರ ಮದುವೆಯಲ್ಲಿ ಊಟ ಮಾಡಿಕೊಂಡು ಬರುತ್ತೀರಿ.