ಮೋರಿಕಟ್ಟೆಯಲ್ಲಿ ಮೀನಿಗೆ ಕಾಯುವುದು

ನಾವುಂದದ ಗುಣಪಾಲ ಶೆಟ್ಟರು ನಲವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ್ದು ಎರಡೇ ಆಸೆಯಿಂದ: ಜಗಲಿಯ ಮೇಲೊಂದು ಆರಾಮಕುರ್ಚಿ, ಯಾರೂ ‘ಒಂದು ಚಾ’ ಎಂದು ಕೂಗದ ಬೆಳಗು.

ಎರಡೂ ಸಿಕ್ಕಿದವು. ಸಿಗದಿದ್ದದ್ದು ಹೊತ್ತಿಗೆ ಸರಿಯಾಗಿ ಊಟ. ಹತ್ತು ಹೊಡೆದರೆ ಹೆಂಡತಿ ಉಮಾವತಿ ಚೀಲ ಹಿಡಿದು ರಸ್ತೆಬದಿಯ ಮೋರಿಕಟ್ಟೆಗೆ ಹೊರಡುತ್ತಿದ್ದರು. ಮೀನು ಮಾರುವ ಸುಗಂಧಿ ಬರುವುದು ಹನ್ನೊಂದೂವರೆಗೆ. ಅರವತ್ತು ದಾಟಿದ ಮಂಡಿಯ ಮೇಲೆ ಒಂದೂವರೆ ಗಂಟೆ ತಪಸ್ಸು! ಶೆಟ್ಟರ ಎದೆಯಲ್ಲಿ ಪತಿಧರ್ಮ ಉಕ್ಕಿತು. (ಹೊಟ್ಟೆಯಲ್ಲಿ ಹಸಿವೂ ಉಕ್ಕಿತ್ತು. ಆ ಬಗ್ಗೆ ಅವರು ಬಾಯಿ ಬಿಡಲಿಲ್ಲ.) ಗುಟ್ಟಾಗಿ ಸುಗಂಧಿಗೆ ಫೋನು ಮಾಡಿದರು.

“ನಾಳಿಂದ ನಿನ್ನ ಸವಾರಿ ನಮ್ಮನಿ ಜಗಲಿಂದ್ಲೇ ಶುರು ಆಯ್ಲಿ, ಸುಗಂಧಿ. ಒಂಬತ್ತೂವರೆಗೆ.”

ಮರುದಿನ ಬಂಗುಡೆ ಮೀನಿನ ಬುಟ್ಟಿ ಜಗಲಿಗೇ ಇಳಿಯಿತು. ಉಮಾವತಿ ಬುಟ್ಟಿ ನೋಡಿದರು, ಗಂಡನನ್ನು ನೋಡಿದರು.

“ಹ್ವಾಯ್, ಇದೆಂತ ಮಾಡ್ದ್ರಿ?”

“ನಿಂಗೆ ಬಿಸ್ಲಂಗೆ ಕಾಯುದ್ ತಪ್ಸ್ದೆ ಕಾಣ್!”

“ನಾ ಮೀನಿಗೆ ಹೋಪ್ದ್ ಅಂದ್ಕಂಡ್ರ್ಯಾ? ನಿನ್ನೆ ಅಲ್ಲಿ ಸುಗುಣಕ್ಕನ ಸೊಸೆ ಕತಿ ಅರ್ಧಕ್ಕೆ ನಿಂತಿತ್ತ್! ಮನಿಯಂಗೆ ನೀವ್ ಪೇಪರ್ ಹಿಂದೆ, ನಾ ಗೋಡಿ ಮುಂದೆ. ನಾಕ್ ಜನ್ರ ಮೊಕ ಕಾಂಬುಕೆ ನಂಗೆ ಇದ್ದದ್ದೇ ಆ ಮೋರಿಕಟ್ಟಿ!”

ಅಂದಿನ ಸಾರಿನಲ್ಲಿ ಉಪ್ಪಿರಲಿಲ್ಲ.

ಆದರೆ ಶೆಟ್ಟರ ಜಗಲಿಯಲ್ಲಿ ಮೊದಲ ಬುಟ್ಟಿಯ ಮೀನು ಆರಿಸಬಹುದೆಂಬ ವಾರ್ತೆ ಸಂಜೆಯೊಳಗೆ ಕೇರಿಯೆಲ್ಲ ಹಬ್ಬಿತು. ಮರುದಿನ ಎಂಟಕ್ಕೇ ನಾಲ್ವರು ಹೆಂಗಸರು ಚೀಲಸಮೇತ ಹಾಜರು. ಮಂಡಿನೋವಿನ ಸುಗುಣಕ್ಕ ಆರಾಮಕುರ್ಚಿಯನ್ನು ಆಕ್ರಮಿಸಿದರು. ಉಮಾವತಿಯ ಮುಖ ಅರಳಿತು.

“ಹ್ವಾಯ್, ಐದ್ ಚಾ!”

ಶೆಟ್ಟರು ಚಾ ಮಾಡಿದರು. ಸುಗುಣಕ್ಕ ಒಂದು ಗುಟುಕು ಹೀರಿ, “ಹೋಟ್ಲ್ ನಡ್ಸಿದ್ದ್ ಹೌದಾ ಮರ್ರೆ? ಸಕ್ರಿಯೇ ಇಲ್ಯಲೆ!” ಎಂದು, ಬಿಟ್ಟಲ್ಲಿಂದ ಸೊಸೆಯ ಕತೆಗೆ ಮರಳಿದರು. ಕತೆ ಭಾರೀ ಇತ್ತು. ಶೆಟ್ಟರು ಖಾಲಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು.

“ಕಡಿಗೆ ಸೊಸೆ ಎಂತ ಅಂದ್ಳ್?”

ಐದೂ ಬಾಯಿ ಮುಚ್ಚಿದವು.

“ಗಂಡಸ್ರ ಎದ್ರ್ ಹೇಳುದಲ್ಲ ಅದ್,” ಎಂದರು ಉಮಾವತಿ. “ಮೋರಿಕಟ್ಟಿ ಈಗ ಖಾಲಿಯೇ ಇತ್ತಲೆ? ಅಲ್ಲಿ ಹೋಯಿ ಕೂಕಣಿ.”

ಹನ್ನೊಂದೂವರೆಯ ಬಿಸಿಲಲ್ಲಿ, ಎರಡು ಸಲ ಓದಿ ಮುಗಿಸಿದ ಪೇಪರನ್ನು ತಲೆಗೆ ಹಿಡಿದು ಮೋರಿಕಟ್ಟೆಯಲ್ಲಿ ಕೂತಿದ್ದ ಶೆಟ್ಟರ ಮುಂದೆ ಈಚೆಗೆ ಮಗನ ಮದುವೆ ಮಾಡಿದ್ದ ನೆರೆಮನೆಯ ರವಿಚಂದ್ರನ ಸ್ಕೂಟರು ನಿಂತಿತು.

“ಹ್ವಾಯ್ ಶೆಟ್ರೆ, ಎಂತ, ಮೀನಿಗೆ ಕಾಯುದಾ?”

ಶೆಟ್ಟರು ಪಕ್ಕದ ಕಲ್ಲನ್ನು ಅದೇ ಪೇಪರಿನಿಂದ ಒರೆಸಿದರು.

“ಹೌದ್ ಮಾರಾಯಾ. ಬಾ, ಕೂಕೋ. ನಿಮ್ಮನಿ ಸೊಸೆ ಹೆಂಗೆ?”